ಸಂದರ್ಶನದ ಕೊಠಡಿ ಮತ್ತು ಹಾವೇರಿ ಜಿಲ್ಲೆಯ ಅಭ್ಯರ್ಥಿ

ಉದ್ಯೋಗಕ್ಕಾಗಿ ನಡೆಯುವ ಆಯ್ಕೆಯಲ್ಲಿ ಲಿಖಿತ ಪರೀಕ್ಷೆ ಮತ್ತು ಸಂದರ್ಶನ ಎಂಬ ಎರಡು ಹಂತಗಳು ಒಂದೇ ಗುಣವನ್ನು ಎರಡು ಸಲ ಅಳೆಯುವುದಿಲ್ಲ. ಲೀಲಾಧರ್ ವಿರುದ್ಧ ರಾಜಸ್ಥಾನ ರಾಜ್ಯ ಎಂಬ 1981ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಭೇದವನ್ನು ಸ್ಪಷ್ಟಪಡಿಸಿದ್ದು, ಲಿಖಿತ ಪರೀಕ್ಷೆಯು ಅಭ್ಯರ್ಥಿಯ ಜ್ಞಾನವನ್ನೂ ಬೌದ್ಧಿಕ ಸಾಮರ್ಥ್ಯವನ್ನೂ ಅಳೆದರೆ ಸಂದರ್ಶನವು ಅವನ ಒಟ್ಟಾರೆ ವ್ಯಕ್ತಿತ್ವದ ಗುಣಗಳನ್ನು ಅಳೆಯುತ್ತದೆ ಎಂದು ಹೇಳಿದೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪದವೀಧರರಲ್ಲಿ ಅನೇಕರು ಮೊದಲನೆಯ ಹಂತಕ್ಕೆ ವರ್ಷಗಟ್ಟಲೆ ಓದಿ, ಎರಡನೆಯದನ್ನು ಹಣೆಬರಹಕ್ಕೋ ಇಂಗ್ಲಿಷಿಗೋ ಬಿಟ್ಟುಬಿಡುವುದನ್ನು ಕಾಣಬಹುದು. ಈ ಬಿಟ್ಟುಕೊಡುವಿಕೆ ಅನಗತ್ಯವಾದದ್ದು, ಏಕೆಂದರೆ ಸಂದರ್ಶನವೂ ಗೊತ್ತಾದ ಕ್ರಮವುಳ್ಳ, ಅಭ್ಯಾಸದಿಂದ ಹಿಡಿತಕ್ಕೆ ಬರುವ ಒಂದು ಪರೀಕ್ಷೆಯೇ ಆಗಿದೆ. ಅದಕ್ಕೆ ಬೇಕಾದ ಸಾಮಗ್ರಿಯ ಬಹುಭಾಗ ಈ ತಾಲ್ಲೂಕುಗಳ ಹೊಲ, ಅಂಗಡಿ ಮತ್ತು ಕಾಲೇಜುಗಳಲ್ಲಿಯೇ ಇದೆ.

ಸಂದರ್ಶನ ಯಾವ ಹುದ್ದೆಗೆ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಕೇಂದ್ರ ಸರ್ಕಾರದ ‘ಬಿ’ ಗುಂಪಿನ ಪತ್ರಾಂಕಿತವಲ್ಲದ ಹುದ್ದೆಗಳಿಗೂ ‘ಸಿ’ ಮತ್ತು ‘ಡಿ’ ಗುಂಪಿನ ಹುದ್ದೆಗಳಿಗೂ 2016ರ ಜನವರಿ 1ರಿಂದ ಸಂದರ್ಶನವನ್ನು ಕೈಬಿಡಲಾಗಿದೆ. ಗ್ರಾಮೀಣ ಬ್ಯಾಂಕುಗಳ ಕಚೇರಿ ಸಹಾಯಕ ಹುದ್ದೆಗೆ ಸಂದರ್ಶನವಿಲ್ಲ, ಆದರೆ ಅದೇ ಬ್ಯಾಂಕುಗಳ ಮೊದಲ ಶ್ರೇಣಿಯ ಅಧಿಕಾರಿ ಹುದ್ದೆಗೆ 100 ಅಂಕಗಳ ಸಂದರ್ಶನವಿದ್ದು, ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20ರ ಅನುಪಾತದ ತೂಕವಿರುತ್ತದೆ. ಸಂದರ್ಶನದಲ್ಲಿ ಸಾಮಾನ್ಯ ವರ್ಗದವರು ಕನಿಷ್ಠ ಶೇ. 40, ಮೀಸಲು ವರ್ಗದವರು ಶೇ. 35 ಅಂಕ ಪಡೆಯದಿದ್ದರೆ ಲಿಖಿತದಲ್ಲಿ ಎಷ್ಟೇ ಬಂದಿದ್ದರೂ ಆಯ್ಕೆಯಿಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರವಾಗಿರುವ ಒಂದೇ ರಾಜ್ಯಮಟ್ಟದ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿಹೋಗಿರುವುದರಿಂದ, ಈ ಭಾಗದ ಅಭ್ಯರ್ಥಿಗೂ ಈಗ ಇರುವುದು ಆ ಒಂದೇ ಬ್ಯಾಂಕು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ವ್ಯಕ್ತಿತ್ವ ಪರೀಕ್ಷೆಗೆ ಒಟ್ಟು 2025 ಅಂಕಗಳಲ್ಲಿ 275 ಮೀಸಲಾಗಿದ್ದರೆ, ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಆಯ್ಕೆಯಲ್ಲಿ 1250 ಅಂಕಗಳ ಮುಖ್ಯ ಪರೀಕ್ಷೆಯ ಜೊತೆಗೆ ವ್ಯಕ್ತಿತ್ವ ಪರೀಕ್ಷೆಗೆ ಈಗ ಇರುವುದು 25 ಅಂಕ ಮಾತ್ರ.

ಈ 25ರ ಹಿಂದೆ ಒಂದು ದೀರ್ಘ ವಾಗ್ವಾದವಿದೆ. ಮೈಸೂರು ರಾಜ್ಯದ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನದ ಅಂಕಗಳನ್ನು ಸೇರಿಸುವ ಕ್ರಮವನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಆ ಕ್ರಮವನ್ನು ಎತ್ತಿಹಿಡಿದಿತ್ತು. 1985ರ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಹರಿಯಾಣದ ನಾಗರಿಕ ಸೇವೆಯ ಆಯ್ಕೆಯಲ್ಲಿ ಮೌಖಿಕಕ್ಕೆ ಇಟ್ಟಿದ್ದ ಪಾಲು ವಿಪರೀತವಾಯಿತೆಂದು ತೀರ್ಮಾನಿಸಿ, ಅದು ಶೇ. 12.2ನ್ನು ಮೀರಬಾರದೆಂದಿತು. ಕರ್ನಾಟಕದಲ್ಲಿ ಒಂದು ಕಾಲಕ್ಕೆ ವ್ಯಕ್ತಿತ್ವ ಪರೀಕ್ಷೆಗೆ 200 ಅಂಕಗಳಿದ್ದವು. 362 ಹುದ್ದೆಗಳ 2011ನೇ ಸಾಲಿನ ಆಯ್ಕೆಯಲ್ಲಿ ಅಕ್ರಮದ ಆರೋಪಗಳು ಎದ್ದ ಬಳಿಕ ಆಯೋಗದ ಸುಧಾರಣೆಗಾಗಿ ಪಿ.ಸಿ. ಹೋತಾ ಸಮಿತಿ ನೇಮಕವಾಗಿ, ಮುಂದಿನ ವರ್ಷಗಳಲ್ಲಿ ಆ ಅಂಕಗಳು ಇಳಿಯುತ್ತ ಬಂದವು. ಹಳ್ಳಿಯ ಅಭ್ಯರ್ಥಿಯ ದೃಷ್ಟಿಯಿಂದ ಈ ಇಳಿಕೆ ನ್ಯಾಯವಾದದ್ದೇ, ಆದರೂ ಒಂದೊಂದು ಅಂಕದ ಅಂತರದಲ್ಲಿ ಉಪವಿಭಾಗಾಧಿಕಾರಿಯ ಹುದ್ದೆ ತಪ್ಪಿ ಬೇರೆ ಹುದ್ದೆ ದೊರೆಯುವ ಪಟ್ಟಿಯಲ್ಲಿ 25 ಅಂಕ ಕಡಿಮೆಯೇನಲ್ಲ.

ಖಾಸಗಿ ವಲಯದ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿದ್ದು, ಹುಬ್ಬಳ್ಳಿ-ಧಾರವಾಡದ ಕಾರ್ಖಾನೆಯಾಗಲಿ, ಬೆಂಗಳೂರಿನ ಕಂಪನಿಯಾಗಲಿ, ಉದ್ಯೋಗ ಮೇಳದಲ್ಲಿ ಮೇಜು ಹಾಕಿಕೊಂಡು ಕುಳಿತ ಹಣಕಾಸು ಸಂಸ್ಥೆಯಾಗಲಿ, ಆಯ್ಕೆಯ ಹೆಚ್ಚಿನ ಭಾರವನ್ನು ಹತ್ತು-ಇಪ್ಪತ್ತು ನಿಮಿಷಗಳ ಮಾತುಕತೆಯ ಮೇಲೆ ಹೇರುತ್ತವೆ. ಈ ಮಾತುಕತೆಗಳನ್ನು ಮನಶ್ಶಾಸ್ತ್ರಜ್ಞರು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಎಲ್ಲ ಅಭ್ಯರ್ಥಿಗಳಿಗೂ ಮೊದಲೇ ಗೊತ್ತುಮಾಡಿದ ಅವೇ ಪ್ರಶ್ನೆಗಳನ್ನು ಕೇಳಿ, ಉತ್ತರಗಳಿಗೆ ಒಂದೇ ಮಾನದಂಡದಲ್ಲಿ ಅಂಕ ಕೊಡುವುದು ರಚನಾಬದ್ಧ ಸಂದರ್ಶನ. ಮನಸ್ಸಿಗೆ ಬಂದ ಪ್ರಶ್ನೆ ಕೇಳುತ್ತ ಹೋಗಿ ಕೊನೆಗೆ ಒಟ್ಟಾರೆ ಅಭಿಪ್ರಾಯಕ್ಕೆ ಬರುವುದು ರಚನೆಯಿಲ್ಲದ ಸಂದರ್ಶನ. ಅಭ್ಯರ್ಥಿ ಮುಂದೆ ಕೆಲಸದಲ್ಲಿ ಹೇಗೆ ನಡೆದುಕೊಂಡಾನು ಎಂಬುದನ್ನು ಮೊದಲನೆಯದು ಎರಡನೆಯದಕ್ಕಿಂತ ಎಷ್ಟೋ ಚೆನ್ನಾಗಿ ಮುಂಗಾಣುತ್ತದೆಂಬುದು 1998ರಲ್ಲಿ ಶ್ಮಿಟ್ ಮತ್ತು ಹಂಟರ್, 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಹಿಂದಿನ ನೂರಾರು ಅಧ್ಯಯನಗಳನ್ನು ಒಟ್ಟುಮಾಡಿ ಲೆಕ್ಕಹಾಕಿದಾಗ ಕಂಡ ಸಂಗತಿ. ರಚನೆಯಿಲ್ಲದ ಸಂದರ್ಶನದಲ್ಲಿ ಒಂದು ಗುಣದ ಹೊಳಪು ಉಳಿದೆಲ್ಲ ಗುಣಗಳ ಮೇಲೂ ಬೀಳುವ ದೋಷವಿದ್ದು, ಎಡ್ವರ್ಡ್ ಥಾರ್ನ್‌ಡೈಕ್ ಇದನ್ನು 1920ರಲ್ಲಿಯೇ ಗುರುತಿಸಿ ‘ಹ್ಯಾಲೋ’ ಎಂದು ಕರೆದಿದ್ದಾನೆ. ನಿರರ್ಗಳ ಇಂಗ್ಲಿಷ್ ಮಾತನಾಡುವವನು ಪ್ರಾಮಾಣಿಕನೂ ಶ್ರಮಜೀವಿಯೂ ಆಗಿ ಕಾಣಿಸುವುದು, ತಡವರಿಸುವವನು ಕೆಲಸದಲ್ಲೂ ಹಿಂದೆಂದು ಭಾಸವಾಗುವುದು ಈ ದೋಷದಿಂದಲೇ. ಸವಣೂರಿನಿಂದ ಹೋದ ಯುವತಿ ಸೋತಾಗ ಅದರಲ್ಲಿ ಅವಳ ಪಾಲೆಷ್ಟು, ಆಯ್ಕೆ ಮಾಡಿದವರ ಪಾಲೆಷ್ಟು ಎಂಬುದನ್ನು ನ್ಯಾಯವಾಗಿ ತೂಗಬೇಕು.

ಆಯ್ಕೆ ಮಾಡುವವರ ದೋಷವನ್ನು ಅಭ್ಯರ್ಥಿ ತಿದ್ದಲಾರಳು, ಆದರೆ ಅವರ ಕೈಗೆ ಪುರಾವೆಯನ್ನು ಕೊಡಬಲ್ಲಳು. ‘ನಾನು ಕಷ್ಟಪಟ್ಟು ಕೆಲಸ ಮಾಡುವವಳು, ಬೇಗ ಕಲಿಯುವವಳು’ ಎಂಬ ವಾಕ್ಯವನ್ನು ಬೆಳಗಿನಿಂದ ಐವತ್ತು ಜನರ ಬಾಯಿಂದ ಕೇಳಿದ ಅಧಿಕಾರಿಗೆ ಅದರಿಂದ ತಿಳಿಯುವುದೇನೂ ಇರುವುದಿಲ್ಲ. ಅವನಿಗೆ ಬೇಕಾದದ್ದು ಒಂದು ನಿಜ ಘಟನೆ, ಅದರಲ್ಲಿ ಅಭ್ಯರ್ಥಿಗೆ ಬಂದ ಹೊಣೆ, ಅವಳು ಇಟ್ಟ ಹೆಜ್ಜೆ, ಅದರಿಂದ ಆದ ಫಲ. ಸಂದರ್ಶನದ ತರಬೇತಿಯಲ್ಲಿ ‘ಸ್ಟಾರ್’ ಎಂದು ಕರೆಯುವ ವಿಧಾನವೆಂದರೆ ಸನ್ನಿವೇಶ, ಹೊಣೆ, ಕ್ರಿಯೆ, ಫಲ ಎಂಬ ಈ ನಾಲ್ಕನ್ನು ಇದೇ ಕ್ರಮದಲ್ಲಿ ಒಂದೂವರೆ-ಎರಡು ನಿಮಿಷದಲ್ಲಿ ಹೇಳುವುದೇ ಆಗಿದೆ. ‘ತಂಡದಲ್ಲಿ ಕೆಲಸ ಮಾಡಿದ ಒಂದು ಸಂದರ್ಭ ಹೇಳಿ’, ‘ತಪ್ಪಾದಾಗ ಏನು ಮಾಡಿದಿರಿ’ ಎಂಬಂತಹ ಪ್ರಶ್ನೆಗಳು, ಹಿಂದೆ ನಡೆದುಕೊಂಡ ರೀತಿಯೇ ಮುಂದಿನದಕ್ಕೆ ಸೂಚಕವೆಂಬ ನಂಬಿಕೆಯಿಂದ ಹುಟ್ಟಿದವಾದ್ದರಿಂದ ಅವುಗಳಿಗೆ ಬೇರೆ ರೀತಿಯ ಉತ್ತರ ಸಲ್ಲುವುದೇ ಇಲ್ಲ.

ಇಲ್ಲಿಯೇ ಈ ತಾಲ್ಲೂಕುಗಳ ಅಭ್ಯರ್ಥಿಗಳು ತಮ್ಮಲ್ಲಿರುವುದನ್ನು ತಾವೇ ಕಡೆಗಣಿಸುತ್ತಾರೆ. ಹಿರೇಕೆರೂರು ಮತ್ತು ನೆರೆಯ ರಾಣೆಬೆನ್ನೂರು ಭಾಗದಲ್ಲಿ ಕಂಪನಿಗಳಿಗಾಗಿ ಹೈಬ್ರಿಡ್ ಬೀಜೋತ್ಪಾದನೆ ಮಾಡುವ ಕುಟುಂಬಗಳು ಬಹಳ. ಆ ಪ್ಲಾಟುಗಳಲ್ಲಿ ಮರುದಿನ ಅರಳಲಿರುವ ಹೆಣ್ಣು ಸಾಲಿನ ಮೊಗ್ಗುಗಳನ್ನು ಹಿಂದಿನ ದಿನವೇ ಗುರುತಿಸಿ, ಅವುಗಳ ಕೇಸರಗಳನ್ನು ಒಂದೂ ಉಳಿಯದಂತೆ ತೆಗೆದು, ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಶಲಾಕಾಗ್ರಕ್ಕೆ ತಾಗಿಸುವ ‘ಕ್ರಾಸಿಂಗ್’ ಕೆಲಸವನ್ನು ಕಾಲೇಜಿಗೆ ಹೋಗುವ ಮಕ್ಕಳೂ ಹಂಗಾಮಿನ ಉದ್ದಕ್ಕೂ ಮಾಡುತ್ತಾರೆ. ಕೇಸರ ಉಳಿದ ಮೊಗ್ಗು ತನ್ನ ಪರಾಗದಿಂದಲೇ ಕಾಯಿ ಕಟ್ಟಿದರೆ ಬೀಜದಲ್ಲಿ ಬೆರಕೆ ಬರುತ್ತದೆ. ಕಂಪನಿಯವರು ಆ ಬೀಜದ ಮಾದರಿಯನ್ನು ಬಿತ್ತಿ ಬೆಳೆಸಿ ಶುದ್ಧತೆ ನೋಡುವ ಗ್ರೋ-ಔಟ್ ಪರೀಕ್ಷೆಯಲ್ಲಿ ಅದು ಹೊರಬಿದ್ದು ಇಡೀ ಹಂಗಾಮಿನ ದುಡಿಮೆಯ ಬೆಲೆ ಕೈತಪ್ಪಬಹುದು. ಇಂತಹ ಕೆಲಸ ಮಾಡಿದವಳು ಗುಣಮಟ್ಟದ ನಿಯಂತ್ರಣವನ್ನು ಪುಸ್ತಕದಲ್ಲಿ ಓದುವ ಮೊದಲೇ ಕೈಯಲ್ಲಿ ಮಾಡಿರುತ್ತಾಳೆ. ಆದರೂ ‘ನಿಮಗೆ ಅನುಭವ ಇದೆಯೆ’ ಎಂದು ಕೇಳಿದಾಗ ‘ಇಲ್ಲ ಸರ್, ಫ್ರೆಶರ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಅದರ ಬದಲು, ಮನೆಯ ಬೀಜೋತ್ಪಾದನೆಯ ಪ್ಲಾಟಿನಲ್ಲಿ ಎಷ್ಟು ಜನ ಕ್ರಾಸಿಂಗಿಗೆ ಬರುತ್ತಿದ್ದರು, ಹೊಸಬರ ಕೈಯಲ್ಲಿ ಕೇಸರ ಉಳಿಯುವುದು ಕಂಡಾಗ ತಾನು ಯಾವ ರೀತಿಯಲ್ಲಿ ಸಾಲುಗಳನ್ನು ಹಂಚಿ ಸಂಜೆ ಮರುಪರಿಶೀಲನೆ ಮಾಡಿದೆ, ಅದರಿಂದ ಏನು ಬದಲಾಯಿತು ಎಂಬುದನ್ನು ಆರೇಳು ವಾಕ್ಯಗಳಲ್ಲಿ ಹೇಳಿದರೆ, ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದವರೂ ಬ್ಯಾಂಕಿನ ಅಧಿಕಾರಿಯೂ ಕಿವಿಗೊಟ್ಟು ಕೇಳುವಂತಹ ಉತ್ತರ ಅದಾಗುತ್ತದೆ. ಹೇಳುವುದು ನಿಜವಾಗಿ ಮಾಡಿದ್ದೇ ಆಗಿರಬೇಕು, ಏಕೆಂದರೆ ಇಂತಹ ಉತ್ತರದ ಬೆನ್ನಿಗೆ ಮೂರು-ನಾಲ್ಕು ಮರುಪ್ರಶ್ನೆಗಳು ಬಂದೇ ಬರುತ್ತವೆ ಮತ್ತು ಕಟ್ಟಿದ ಕಥೆ ಎರಡನೆಯದರಲ್ಲಿಯೇ ಕುಸಿಯುತ್ತದೆ. ಗೋವಿನಜೋಳದ ವ್ಯಾಪಾರದಲ್ಲಿ ತಂದೆಯ ಲೆಕ್ಕ ಬರೆದವನಿಗೂ, ಸ್ವಸಹಾಯ ಸಂಘದ ಪುಸ್ತಕ ಇಟ್ಟ ತಾಯಿಗೆ ನೆರವಾದವಳಿಗೂ, ಎನ್ನೆಸ್ಸೆಸ್ ಶಿಬಿರದಲ್ಲಿ ಅಡುಗೆಯ ಹೊಣೆ ಹೊತ್ತವನಿಗೂ ಇದೇ ಮಾತು ಅನ್ವಯಿಸುತ್ತದೆ. ಅಂತಹ ಐದಾರು ಘಟನೆಗಳನ್ನು ಕಾಗದದ ಮೇಲೆ ಬರೆದು, ಅಂಕಿಗಳನ್ನು ನೆನಪುಮಾಡಿಕೊಂಡು, ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುವುದಕ್ಕಿಂತ ಹೆಚ್ಚು ಫಲ ಕೊಡುವ ಸಿದ್ಧತೆ ಬೇರೊಂದಿಲ್ಲ.

ಲೋಕಸೇವಾ ಆಯೋಗಗಳ ಮತ್ತು ಬ್ಯಾಂಕುಗಳ ಮಂಡಳಿಗಳು ಅಭ್ಯರ್ಥಿಯ ಊರಿನಿಂದಲೇ ಮಾತು ಆರಂಭಿಸುವುದು ಸಾಮಾನ್ಯ, ಮತ್ತು ಅಭ್ಯರ್ಥಿಗಳು ಎಡವುವುದೂ ಅಲ್ಲಿಯೇ. ಹಾನಗಲ್ ಎಂದೊಡನೆ ಕದಂಬರ ಒಂದು ಶಾಖೆಯ ರಾಜಧಾನಿಯಾಗಿದ್ದ ಊರು, ತಾರಕೇಶ್ವರ ದೇವಾಲಯ ಎಂಬುದನ್ನು ಹೇಳಲು ಬಾರದಿದ್ದರೆ, ಸವಣೂರಿನವರಾಗಿ 1948ರಲ್ಲಿ ವಿಲೀನವಾಗುವವರೆಗೆ ಅದು ನವಾಬರ ಸಂಸ್ಥಾನವಾಗಿತ್ತೆಂಬುದಾಗಲಿ, 1990ರ ಜ್ಞಾನಪೀಠ ಪುರಸ್ಕೃತ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಅಲ್ಲಿಯೇ ಎಂಬುದಾಗಲಿ ತಿಳಿಯದಿದ್ದರೆ, ಮಂಡಳಿಗೆ ಬರುವ ಅನುಮಾನ ಇತಿಹಾಸ ಜ್ಞಾನದ ಬಗ್ಗೆ ಅಲ್ಲ, ಸುತ್ತಲಿನದನ್ನು ಗಮನಿಸುವ ಗುಣದ ಬಗ್ಗೆ. ಶಿಗ್ಗಾವಿ ತಾಲ್ಲೂಕಿನಲ್ಲಿ ಕನಕದಾಸರ ಬಾಡ, ಶರೀಫರ ಶಿಶುನಾಳ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಬಂಕಾಪುರದ ಕೋಟೆ ಮತ್ತು ನವಿಲುಧಾಮ ಇವೆಯೆಂದು ಪಟ್ಟಿ ಒಪ್ಪಿಸುವುದೂ ಸಾಲದು. ಒಳ್ಳೆಯ ಮಂಡಳಿಯ ಮುಂದಿನ ಪ್ರಶ್ನೆ, ಇಷ್ಟೆಲ್ಲ ಇದ್ದೂ ಪ್ರವಾಸೋದ್ಯಮ ಏಕೆ ಬೆಳೆದಿಲ್ಲ, ತಾವು ತಹಶೀಲ್ದಾರರಾದರೆ ಏನು ಮಾಡುವಿರಿ ಎಂಬುದಾಗಿರುತ್ತದೆ. ಗೋವಿನಜೋಳದ ಬೆಲೆ ಕುಸಿದಾಗ ರೈತ ಏನು ಮಾಡುತ್ತಾನೆ, ವರದಾ ನದಿಯ ನೆರೆ ಯಾವ ಹಳ್ಳಿಗಳನ್ನು ಮುಟ್ಟುತ್ತದೆ, ಭತ್ತದ ಗದ್ದೆಗಳು ಅಡಿಕೆ ತೋಟವಾಗುತ್ತಿರುವುದರ ಸಾಧಕಬಾಧಕವೇನು ಎಂಬುದರ ಬಗ್ಗೆ ಊರಿನ ನಾಲ್ಕು ಜನರೊಡನೆ ಕುಳಿತು ಮಾತನಾಡಿದ ಅಭ್ಯರ್ಥಿಯ ಉತ್ತರದಲ್ಲಿ ಕಾಣುವ ಜೀವಂತಿಕೆ, ಕೋಚಿಂಗ್ ನೋಟ್ಸ್ ಬಾಯಿಪಾಠ ಮಾಡಿದವನಲ್ಲಿ ಬರುವುದಿಲ್ಲ.

ಭಾಷೆಯ ಅಂಜಿಕೆಯನ್ನು ಕುರಿತು ನೇರವಾಗಿಯೇ ಹೇಳಬೇಕು. ಕರ್ನಾಟಕ ಲೋಕಸೇವಾ ಆಯೋಗದ ವ್ಯಕ್ತಿತ್ವ ಪರೀಕ್ಷೆಯನ್ನು ಕನ್ನಡದಲ್ಲಿ ಎದುರಿಸುವ ಹಕ್ಕು ಅಭ್ಯರ್ಥಿಗಿದೆ, ಮತ್ತು ಕನ್ನಡದಲ್ಲಿ ಚೆನ್ನಾಗಿ ಯೋಚಿಸುವವನು ಅದನ್ನು ಬಿಟ್ಟು ಅರೆಬರೆ ಇಂಗ್ಲಿಷಿಗೆ ಹೋಗುವುದು ತಪ್ಪು ನಿರ್ಧಾರ. ಹಾವೇರಿ ಸೀಮೆಯ ಆಡುಮಾತಿನ ಧಾಟಿಯಾಗಲಿ, ಮಾತಿನ ಕೊನೆಯಲ್ಲಿ ಬರುವ ‘ರೀ’ ಆಗಲಿ ದೋಷವಲ್ಲ, ಅದು ಮರ್ಯಾದೆಯ ಮಾತೇ. ಇಂಗ್ಲಿಷ್ ಕಡ್ಡಾಯವಾದ ಖಾಸಗಿ ಕೆಲಸಗಳಿಗೆ ಹೋಗುವವರು, ತಮ್ಮ ಐದಾರು ಘಟನೆಗಳನ್ನೂ ತಮ್ಮ ವಿಷಯದ ಮೂಲ ಪರಿಕಲ್ಪನೆಗಳನ್ನೂ ಸಣ್ಣ, ತಪ್ಪಿಲ್ಲದ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲು ಕಲಿತರೆ ಆರಂಭಕ್ಕೆ ಅಷ್ಟು ಸಾಕು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳುವಂತೆ ಕೋರುವ ಒಂದು ವಾಕ್ಯ, ಯೋಚಿಸಲು ಸ್ವಲ್ಪ ಸಮಯ ಕೇಳುವ ಒಂದು ವಾಕ್ಯ ನಾಲಿಗೆಯ ಮೇಲಿದ್ದರೆ ಗಾಬರಿಯ ಬಹುಪಾಲು ಇಳಿಯುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪುವುದರಿಂದ ಅಂಕ ಹೋಗುವುದು ಆ ಪ್ರಶ್ನೆಯಷ್ಟಕ್ಕೇ, ಊಹಿಸಿ ವಾದಿಸಿದರೆ ಹೋಗುವುದು ನಂಬಿಕೆ.

ಕಾಗದಪತ್ರಗಳ ವಿಚಾರ ಚಿಕ್ಕದೆನಿಸಿದರೂ ಅದರಿಂದ ಆಗುವ ನಷ್ಟ ದೊಡ್ಡದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮಾತ್ರ ಎಂಬ ಗೊಂದಲ ಈ ಭಾಗದಲ್ಲಿ ಸಾಮಾನ್ಯವಾಗಿದ್ದು, ಅದನ್ನು ಸಂದರ್ಶನದ ಪತ್ರ ಬಂದ ಮೇಲಲ್ಲ, ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಬೇಕು. ಮೀಸಲಾತಿಯ ಪ್ರಮಾಣಪತ್ರಗಳ ವಿಷಯಕ್ಕೆ ಬಂದರೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಒದಗಿಸುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿ ಹಾವೇರಿ ಜಿಲ್ಲೆ ಇಲ್ಲ. ಆದರೆ ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿಯಿದ್ದು, ಅವುಗಳ ಪ್ರಮಾಣಪತ್ರಗಳನ್ನು ನಿಗದಿತ ನಮೂನೆಯಲ್ಲಿಯೇ, ನಿಗದಿತ ದಿನಾಂಕದೊಳಗೆ ಪಡೆದಿರಬೇಕಾಗುತ್ತದೆ. ಪ್ರಯಾಣವೂ ಸಿದ್ಧತೆಯ ಭಾಗವೇ: ಹಾನಗಲ್ ಮತ್ತು ಹಿರೇಕೆರೂರು ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ, ಸವಣೂರು ತಾಲ್ಲೂಕಿನವರಿಗೆ ಯಲವಿಗಿ, ಉಳಿದವರಿಗೆ ಹಾವೇರಿ, ಬ್ಯಾಡಗಿ ಅಥವಾ ರಾಣೆಬೆನ್ನೂರು ನಿಲ್ದಾಣವೇ ಗತಿ. ಮುನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಿ ಬೆಳಿಗ್ಗೆ ಹತ್ತಕ್ಕೆ ಲೋಕಸೇವಾ ಆಯೋಗದ ಕಚೇರಿಯಾದ ಉದ್ಯೋಗಸೌಧದಲ್ಲಿ ಕುಳಿತವನು ತನ್ನ ಸಾಮರ್ಥ್ಯಕ್ಕಿಂತ ಕೆಳಗೆ ಉತ್ತರಿಸುತ್ತಾನೆ. ಸಾಧ್ಯವಿದ್ದವರು ಒಂದು ದಿನ ಮೊದಲೇ ಹೋಗಿ ಬಂಧುಗಳ ಮನೆಯಲ್ಲಿಯೋ ವಿದ್ಯಾರ್ಥಿನಿಲಯದ ಗೆಳೆಯರ ಕೋಣೆಯಲ್ಲಿಯೋ ಉಳಿಯುವುದು ಮೇಲು. ವಿಡಿಯೋ ಕರೆಯ ಮೂಲಕ ನಡೆಯುವ ಸಂದರ್ಶನಕ್ಕೆ ಸಿಗ್ನಲ್ ಗಟ್ಟಿಯಾಗಿರುವ ಜಾಗವನ್ನು ಹಿಂದಿನ ದಿನವೇ ಪರೀಕ್ಷಿಸಿ, ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತುಕೊಳ್ಳಬೇಕು. ಉಡುಪು ಇಸ್ತ್ರಿಯಾಗಿ ಶುಭ್ರವಾಗಿದ್ದರೆ ಸಾಕು.

ಕೊಠಡಿಯೊಳಗಿನ ಕೊನೆಯ ನಿಮಿಷಗಳಲ್ಲಿ ‘ನಿಮಗೇನಾದರೂ ಕೇಳುವುದಿದೆಯೆ’ ಎಂಬ ಪ್ರಶ್ನೆ ಖಾಸಗಿ ಸಂದರ್ಶನಗಳಲ್ಲಿ ಸಾಮಾನ್ಯವಾಗಿ ಬರುತ್ತದೆ. ಕೇಳುವುದು ಅಹಂಕಾರವೆಂದು ಭಾವಿಸಿ ತಲೆಯಾಡಿಸಿ ಎದ್ದುಬರುವುದು ಇಲ್ಲಿನವರ ರೂಢಿ, ಆದರೆ ಮೊದಲ ಆರು ತಿಂಗಳಲ್ಲಿ ತನ್ನಿಂದ ಏನನ್ನು ನಿರೀಕ್ಷಿಸಲಾಗುತ್ತದೆ, ತರಬೇತಿ ಹೇಗಿರುತ್ತದೆ ಎಂದು ವಿಚಾರಿಸುವುದು ಕೆಲಸದಲ್ಲಿನ ಆಸಕ್ತಿಗೆ ಸಾಕ್ಷಿಯಾಗುತ್ತದೆ. ಸಂಬಳದ ಮಾತು ಬಂದಾಗ ‘ನೀವು ಕೊಟ್ಟಷ್ಟು’ ಎನ್ನುವುದೂ ಸಲ್ಲದು. ಆ ಹುದ್ದೆಗೆ ಆ ಊರಿನಲ್ಲಿ ಏನು ಕೊಡುತ್ತಾರೆ, ಬಾಡಿಗೆ ಮತ್ತು ಊಟಕ್ಕೆ ಎಷ್ಟು ಬೇಕು ಎಂಬುದನ್ನು ತಿಳಿದು ಒಂದು ಮೊತ್ತವನ್ನು ಸಂಕೋಚವಿಲ್ಲದೆ ಹೇಳಬಹುದು. ಆಯ್ಕೆಗೆ ಮೊದಲೇ ನೋಂದಣಿ, ಠೇವಣಿ ಎಂದು ಹಣ ಕೇಳುವ ಕಡೆಯಿಂದ ಮಾತ್ರ ಎದ್ದುಬರಬೇಕು, ಅಂತಹ ಸಂದರ್ಶನದ ಉದ್ದೇಶ ನೇಮಕಾತಿಯಾಗಿರುವುದಿಲ್ಲ.

ಇಷ್ಟೆಲ್ಲವನ್ನೂ ಒಬ್ಬ ಅಭ್ಯರ್ಥಿ ಕನ್ನಡಿಯ ಮುಂದೆ ನಿಂತು ತಾನೊಬ್ಬನೇ ಕಲಿಯಲಾರ, ಎದುರಿಗೆ ಕುಳಿತು ಪ್ರಶ್ನಿಸುವವರು ಬೇಕು. ನಗರದ ಕೋಚಿಂಗ್ ಕೇಂದ್ರಗಳು ಹಣ ಪಡೆದು ನಡೆಸುವ ಅಣಕು ಸಂದರ್ಶನವೆಂದರೆ, ಮೂರು ಜನ ಮೇಜಿನ ಆಚೆ ಕುಳಿತು ನಿಜವಾದ ಮಂಡಳಿಯಂತೆಯೇ ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿ, ಮೊಬೈಲಿನಲ್ಲಿ ಚಿತ್ರೀಕರಿಸಿ, ಬಳಿಕ ತಪ್ಪುಗಳನ್ನು ತೋರಿಸಿಕೊಡುವುದು. ಇದಕ್ಕೆ ಕಟ್ಟಡವಾಗಲಿ ಅನುದಾನವಾಗಲಿ ಬೇಕಿಲ್ಲ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ನಿವೃತ್ತ ಬ್ಯಾಂಕ್ ವ್ಯವಸ್ಥಾಪಕರು, ಕಂದಾಯ ಮತ್ತು ಕೃಷಿ ಇಲಾಖೆಯ ಅಧಿಕಾರಿಗಳು, ಪ್ರಾಧ್ಯಾಪಕರು, ಊರಿಗೆ ಬಂದುಹೋಗುವ ಕಂಪನಿ ಉದ್ಯೋಗಿಗಳು ಇದ್ದಾರೆ. ಪದವಿ ಕಾಲೇಜುಗಳ ಪ್ರಾಂಶುಪಾಲರು ಅವರನ್ನು ತಿಂಗಳಿಗೊಂದು ಶನಿವಾರದ ಮಧ್ಯಾಹ್ನ ಕರೆಯಬೇಕು, ಅವರೂ ಕರೆಗಾಗಿ ಕಾಯದೆ ಮುಂದೆ ಬರಬೇಕು. ಅಂತಿಮ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ, ಮುಖ್ಯವಾಗಿ ತರಗತಿಯಲ್ಲಿ ಎಂದೂ ಎದ್ದುನಿಂತು ಮಾತನಾಡದ ಹುಡುಗಿಯರು, ಕಾಲೇಜು ಬಿಡುವ ಮೊದಲು ಎರಡು ಸಲವಾದರೂ ಆ ಕುರ್ಚಿಯಲ್ಲಿ ಕುಳಿತು ಉತ್ತರಿಸುವಂತೆ ಈ ವರ್ಷದಿಂದಲೇ ಏರ್ಪಾಡಾಗಲಿ.